ತುಪ್ಪ ಹರಳುಗಟ್ಟದಿರುವುದು ಯಾಕೆ: ಕೆನೆಯಿಂದ ಡಬ್ಬಿಯವರೆಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೆಣ್ಣೆ ಚೆನ್ನಾಗಿತ್ತು, ಕಾಸಿದ್ದೂ ಹದವಾಗಿತ್ತು, ಮನೆ ತುಂಬ ಘಮ ಬಂದಿತ್ತು. ಮರುದಿನ ಡಬ್ಬಿ ತೆರೆದರೆ ತುಪ್ಪ ವ್ಯಾಸಲೀನಿನಂತೆ ನುಣ್ಣಗೆ ಕೂತಿದೆ. ಇಲ್ಲವೇ ತಳದಲ್ಲಿ ಬೆರಳಗಲ ಗಟ್ಟಿ, ಮೇಲೆಲ್ಲ ಎಣ್ಣೆ. ಮತ್ತೆ ಮತ್ತೆ ಕೇಳಿಬರುವ ದೂರು ಇದೇ. ದೂರುವವರೆಲ್ಲ ತಪ್ಪನ್ನು ಒಲೆಯ ಮೇಲೆ ಹುಡುಕುತ್ತಾರೆ: ಉರಿ ಜಾಸ್ತಿಯಾಯಿತೇ, ಮೆಂತ್ಯ ಹಾಕಬೇಕಿತ್ತೇ, ವೀಳ್ಯದೆಲೆ ಮರೆತದ್ದಕ್ಕೆ ಹೀಗಾಯಿತೇ?

ಹರಳು ಒಲೆಯ ಮೇಲೆ ಹುಟ್ಟುವುದಿಲ್ಲ. ಒಲೆಯಿಂದ ಇಳಿಸಿ, ಸೋಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತೀರಲ್ಲ, ಅದರ ನಂತರದ ಒಂದೆರಡು ದಿನಗಳಲ್ಲಿ ಹುಟ್ಟುತ್ತದೆ. ಹಾಗಂತ ಮೊದಲ ಹಂತಗಳಿಗೆ ಬೆಲೆ ಇಲ್ಲವೆಂದಲ್ಲ. ರುಚಿ, ಬಾಳಿಕೆ, ಬಣ್ಣ ತೀರ್ಮಾನವಾಗುವುದು ಅಲ್ಲೇ. ಆದರೆ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಆರನೇ ಹಂತದಲ್ಲಿ. ಹೊತ್ತಿಲ್ಲದಿದ್ದರೆ ನೇರ ಅಲ್ಲಿಗೇ ಹೋಗಿ.

## ಮೊದಲು ಇಷ್ಟು ತಿಳಿದಿರಲಿ

ಹಾಲಿನ ಜಿಡ್ಡು ಒಂದೇ ವಸ್ತುವಲ್ಲ, ನೂರಾರು ಬಗೆಯ ಟ್ರೈಗ್ಲಿಸರೈಡುಗಳ, ಅಂದರೆ ಜಿಡ್ಡಿನ ಅಣುಗಳ, ಮಿಶ್ರಣ. ಅವುಗಳಲ್ಲಿ ಕೆಲವು ಫ್ರಿಜ್ಜಿನಲ್ಲಿಟ್ಟರೂ ಎಣ್ಣೆಯಾಗಿಯೇ ಇರುತ್ತವೆ, ಕೆಲವು 35 ಡಿಗ್ರಿ ದಾಟಿದರೂ ಕರಗಲು ಒಪ್ಪುವುದಿಲ್ಲ. ಹಾಗಾಗಿ ಮಂಜುಗಡ್ಡೆಗೆ ಇರುವಂತೆ ತುಪ್ಪಕ್ಕೆ ಕರಗುವ ಒಂದೇ ಬಿಂದು ಇಲ್ಲ. ಮೆತ್ತಗಾಗುತ್ತಾ ಹೋಗಿ 40 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ತಿಳಿಯಾಗುತ್ತದೆ. 20 ಡಿಗ್ರಿಯಲ್ಲಿ ಅದರ ಸುಮಾರು ಐದನೇ ಒಂದು ಪಾಲು ಮಾತ್ರ ನಿಜವಾಗಿ ಗಟ್ಟಿ. 30 ಡಿಗ್ರಿಯಲ್ಲಿ ಹತ್ತನೇ ಒಂದು ಪಾಲೂ ಗಟ್ಟಿ ಇರುವುದಿಲ್ಲ. ಉಳಿದದ್ದೆಲ್ಲ ಎಣ್ಣೆ, ಹರಳುಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಹರಿಯುವುದಿಲ್ಲ, ಅಷ್ಟೇ.

ಕಲ್ಲುಸಕ್ಕರೆ ನೆನಪಿಸಿಕೊಳ್ಳಿ. ಅದೇ ಸಕ್ಕರೆ ಪಾಕವನ್ನು ಬಿಡದೆ ತಿರುವಿದರೆ ಪುಡಿಯಾಗುತ್ತದೆ, ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಹರಳಾಗುತ್ತದೆ. ತುಪ್ಪದ ಲೆಕ್ಕವೂ ಇದೇ. ಬೇಗ ತಣಿಸಿದರೆ ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಕಣಗಳು ಹುಟ್ಟುತ್ತವೆ, ಯಾವುದಕ್ಕೂ ಬೆಳೆಯಲು ಜಾಗವೂ ಇಲ್ಲ, ಸಾಮಗ್ರಿಯೂ ಇಲ್ಲ. ನಾಲಿಗೆಗೆ ನುಣುಪು ಮಾತ್ರ ಸಿಗುತ್ತದೆ. ನಿಧಾನ ತಣಿಸಿದರೆ ಹುಟ್ಟುವ ಕಣಗಳು ಕೆಲವೇ. ಬೇಗ ಗಟ್ಟಿಯಾಗುವ ಜಿಡ್ಡೆಲ್ಲ ಅವುಗಳ ಮೇಲೇ ಪದರ ಪದರವಾಗಿ ಕೂರುತ್ತದೆ, ಕಾಳು ದಪ್ಪವಾಗುತ್ತದೆ.

ಎಮ್ಮೆ ತುಪ್ಪದಲ್ಲಿ ಹೆಚ್ಚು ಬಿಸಿಗೆ ಕರಗುವ ಜಿಡ್ಡಿನ ಪಾಲು ಜಾಸ್ತಿ, ಅದಕ್ಕೇ ಅದರ ಹರಳು ದಪ್ಪ ಮತ್ತು ಸುಲಭ. ಹತ್ತಿಕಾಳು ತಿಂದ ಎಮ್ಮೆಯದಾದರೆ ಇನ್ನೂ ಗಟ್ಟಿ. ಹಸುವಿನ ತುಪ್ಪದಲ್ಲಿ ಹರಳು ಸಣ್ಣ, ಎಣ್ಣೆ ಹೆಚ್ಚು. ಒಂದರಿಂದ ಇನ್ನೊಂದರ ಫಲ ನಿರೀಕ್ಷಿಸಬೇಡಿ.

ಅಳೆಯಲು ಅಡುಗೆಮನೆಯ ಅಳತೆಯೇ ಸಾಕು. ಮೈದಾದಂತಿದ್ದರೆ ಸೋತಿದ್ದೀರಿ. ಚಿರೋಟಿ ರವೆಯಷ್ಟಾದರೆ ಹಸುವಿನ ತುಪ್ಪಕ್ಕೆ ಪಾಸು, ಉಪ್ಪಿಟ್ಟಿನ ರವೆಯಷ್ಟಾದರೆ ಬಹಳ ಒಳ್ಳೆಯದು. ಎಮ್ಮೆ ತುಪ್ಪ ಬನ್ಸಿ ರವೆಯ ಗಾತ್ರ ಮುಟ್ಟಬಲ್ಲದು.

## ಬೇಕಾಗುವ ಸಾಮಾನು

ಇಲ್ಲಿನ ಲೆಕ್ಕವೆಲ್ಲ 1 ಕಿಲೋ ಬೆಣ್ಣೆಗೆ. ಮೂರೂವರೆ ಲೀಟರ್ ಹಿಡಿಯುವ ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಬೆಣ್ಣೆ ಕರಗಿದಾಗ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬಾರದು, ನೊರೆ ಮೂರು ಪಟ್ಟು ಏರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಕಬ್ಬಿಣದ ಬಾಣಲೆ ಬೇಡ; ಆ ಲೋಹಗಳ ಸೋಂಕಿಗೇ ತುಪ್ಪ ಬೇಗ ಕಮಟು ಹಿಡಿಯುತ್ತದೆ.

200 ಡಿಗ್ರಿವರೆಗೆ ತೋರಿಸುವ ಅಡುಗೆ ಥರ್ಮಾಮೀಟರ್ ತೆಗೆದುಕೊಳ್ಳಿ, ಜ್ವರ ನೋಡುವುದು ನಡೆಯುವುದಿಲ್ಲ. ತಂದ ಕೂಡಲೇ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದೇ 97ರ ಆಸುಪಾಸು. ಬೆಂಗಳೂರಿನಲ್ಲಿ 97 ತೋರಿಸುವ ಥರ್ಮಾಮೀಟರ್ ಕೆಟ್ಟದ್ದಲ್ಲ, ಸರಿಯಾಗಿಯೇ ಇದೆ.

ಇನ್ನು ಸ್ಟೀಲ್ ಜಾಲರಿ, ಒಗೆದು ಬಿಸಿಲಿಗೆ ಒಣಗಿಸಿದ ತೆಳು ಹತ್ತಿಬಟ್ಟೆ, 1 ಲೀಟರಿನ ಒಂದು ಗಾಜಿನ ಭರಣಿ. ಕೊನೆಯದು, ಯಾರೂ ಪಟ್ಟಿಗೆ ಸೇರಿಸದ ಮುಖ್ಯ ಸಲಕರಣೆ: ಭರಣಿ ಹಿಡಿಯುವ ಥರ್ಮೋಕೋಲ್ ಪೆಟ್ಟಿಗೆ ಅಥವಾ ಐಸ್ ಬಾಕ್ಸ್. ಅದಿಲ್ಲದಿದ್ದರೆ ದೊಡ್ಡ ಅಕ್ಕಿ ಡಬ್ಬ.

## ಹಂತ 1: ಕೆನೆ ಕೂಡಿಡುವುದು

ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಎಂದಿದ್ದರೆ ಆ ಹಾಲು ಈ ಕೆಲಸಕ್ಕೆ ಅಲ್ಲ. ಜಿಡ್ಡಿನ ಹನಿಗಳನ್ನು ಒತ್ತಡದಿಂದ ಒಡೆದು ಸಣ್ಣ ಮಾಡಿರುತ್ತಾರೆ, ಅವು ಮೇಲೆ ತೇಲುವುದಿಲ್ಲ. ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ ಶೇ 4.5, ಫುಲ್ ಕ್ರೀಮ್‌ನಲ್ಲಿ ಶೇ 6. ಅಂದರೆ ಶೇ 4.5ರ ಹಾಲು ಒಂದು ಲೀಟರಿಗೆ ಹೆಚ್ಚೆಂದರೆ 45 ಗ್ರಾಂ ಚಿಲ್ಲರೆ ಜಿಡ್ಡು ಕೊಡಬಲ್ಲದು, ಅದರಲ್ಲೂ ಒಂದು ಪಾಲು ಹಾಲಿನಲ್ಲೇ ಉಳಿಯುತ್ತದೆ. ತಿಂಗಳಿಗೆ ಎಷ್ಟು ತುಪ್ಪ ಬರಬೇಕಿತ್ತು ಎಂಬ ಲೆಕ್ಕ ಇಲ್ಲಿಂದ ಶುರು ಮಾಡಿ, ಆಮೇಲೆ ಹಾಲಿನವನನ್ನು ಬೈಯಿರಿ.

ಹಾಲು ಉಕ್ಕು ಬಂದ ಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಅರ್ಧ ಮುಚ್ಚಿ ತಣಿಸಿ, ನಂತರ ಎಂಟು ಗಂಟೆ ಫ್ರಿಜ್ಜಿನಲ್ಲಿಡಿ. ಕೆನೆ ಚಪಾತಿಯಂತೆ ಒಂದೇ ಪದರವಾಗಿ ಬರುತ್ತದೆ. ತೆಗೆದದ್ದನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೂಡಿಡಿ.

ಏಳು ದಿನಕ್ಕಿಂತ ಹೆಚ್ಚು ಕೂಡಿಡುವುದಾದರೆ ಫ್ರೀಜರಿಗೆ ಹಾಕಿ. ಫ್ರಿಜ್ಜಿನ ಚಳಿಯಲ್ಲೂ ಬೆಳೆಯುವ ಸೂಕ್ಷ್ಮಜೀವಿಗಳು ಜಿಡ್ಡನ್ನೂ ಪ್ರೋಟೀನನ್ನೂ ಒಡೆಯುತ್ತವೆ, ಕೆನೆ ಕಹಿಯಾಗುತ್ತದೆ. ಹಳದಿ ಕಲೆ, ಹಸಿ ಕಹಿ ವಾಸನೆ, ಅಂಚಿನಲ್ಲಿ ಗುಲಾಬಿ ಅಥವಾ ಹಸಿರು ಚುಕ್ಕೆ ಕಂಡರೆ ಎಸೆಯಿರಿ. ಕಾಸಿದರೆ ಸರಿಹೋಗುತ್ತದೆ ಎಂಬುದು ಸುಳ್ಳು. ಕೆಟ್ಟ ಕೆನೆಯ ಕಹಿ ತುಪ್ಪದವರೆಗೂ ಬರುತ್ತದೆ.

## ಹಂತ 2: ಹೆಪ್ಪು

ಕೂಡಿದ ಕೆನೆಯನ್ನೆಲ್ಲ ಒಂದು ಪಾತ್ರೆಗೆ ಹಾಕಿ ಉಗುರುಬೆಚ್ಚಗಾಗಲು ಬಿಡಿ, ಸುಮಾರು 30 ಡಿಗ್ರಿ. ಅರ್ಧ ಕಿಲೋ ಕೆನೆಗೆ ಒಂದು ದೊಡ್ಡ ಚಮಚ ಹುಳಿಯಿಲ್ಲದ ಗಟ್ಟಿ ಮೊಸರು ಸೇರಿಸಿ, ಎಂಟರಿಂದ ಹತ್ತು ಗಂಟೆ ಇಡಿ. ಹುಳಿ ಏರಿದಂತೆ ಜಿಡ್ಡಿನ ಹನಿಗಳನ್ನು ಸುತ್ತಿಕೊಂಡ ಪೊರೆ ಸಡಿಲವಾಗುತ್ತದೆ, ಬೆಣ್ಣೆ ಹೆಚ್ಚು ಬರುತ್ತದೆ, ಘಮಕ್ಕೆ ಬೇಕಾದ ವಸ್ತುಗಳೂ ಈ ಹೊತ್ತಿನಲ್ಲೇ ತಯಾರಾಗುತ್ತವೆ. ಹೆಪ್ಪು ಹಾಕದ ಸಿಹಿ ಕೆನೆಯ ತುಪ್ಪ ಸಪ್ಪೆ. ಹರಳು ಬರುತ್ತದೆ, ಮನಸ್ಸಿಗೆ ಬರುವುದಿಲ್ಲ.

ಹೆಪ್ಪಾದ ಮೇಲೆ ನಾಲ್ಕೈದು ಗಂಟೆ ಫ್ರಿಜ್ಜಿಗೆ. ಇದನ್ನು ಬಿಟ್ಟರೆ ಮುಂದಿನ ಹಂತದಲ್ಲಿ ಬೆಣ್ಣೆ ಕೂಡುವುದಿಲ್ಲ.

## ಹಂತ 3: ಕಡೆಯುವುದು, ತೊಳೆಯುವುದು

ಕಡೆಯಲು ಶುರು ಮಾಡುವಾಗ ಕೆನೆ 12ರಿಂದ 14 ಡಿಗ್ರಿಯಲ್ಲಿರಲಿ. ಮಿಕ್ಸಿಯ ದೊಡ್ಡ ಜಾರಿನಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿ, ಅಷ್ಟೇ ತಣ್ಣೀರು ಸೇರಿಸಿ, ಹತ್ತು ಸೆಕೆಂಡು ತಿರುಗಿಸಿ ಐದು ಸೆಕೆಂಡು ನಿಲ್ಲಿಸುತ್ತಾ ಹೋಗಿ. ಬಿಡದೆ ತಿರುಗಿಸಿದರೆ ಬ್ಲೇಡಿನ ಬಿಸಿಗೇ ಬೆಣ್ಣೆ ಕರಗುತ್ತದೆ. ಮೊದಲು ಕೆನೆ ಉಬ್ಬಿ ಗಟ್ಟಿಯಾಗುತ್ತದೆ, ಮಿಕ್ಸಿಯ ಸದ್ದು ಮಂಕಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸದ್ದು ಬದಲಾಗಿ ನೀರು ಕುಲುಕಿದ ಶಬ್ದ ಬರುತ್ತದೆ. ಬೆಣ್ಣೆ ಬೇರೆಯಾಯಿತು, ನಿಲ್ಲಿಸಿ. ಕಡೆಗೋಲಿನಲ್ಲಾದರೆ ಈ ಬದಲಾವಣೆ ಕೈಗೇ ತಿಳಿಯುತ್ತದೆ.

ಮಜ್ಜಿಗೆ ಹಾಲಿನಷ್ಟೇ ಬೆಳ್ಳಗೆ ದಪ್ಪಗಿದ್ದು ಬೆಣ್ಣೆ ಅಂಟಂಟಾಗಿದ್ದರೆ ಕೆನೆ ಬೆಚ್ಚಗಿತ್ತು ಎಂದರ್ಥ, ಒಂದು ಲೋಟ ಐಸ್ ನೀರು ಹಾಕಿ ಮತ್ತೆ ತಿರುಗಿಸಿ. ಕಾಲು ಗಂಟೆಯಾದರೂ ಉಬ್ಬಿದ ಕೆನೆ ಒಡೆಯದೆ ನಿಂತಿದ್ದರೆ ತೀರಾ ತಣ್ಣಗಿದೆ. ಎರಡು ಚಮಚ ಉಗುರುಬೆಚ್ಚನೆ ನೀರು ಸಾಕು.

ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ತೊಳೆಯದಿದ್ದರೆ ಮಜ್ಜಿಗೆಯ ಅಂಶ ಉಳಿದು ಕಾಸುವಾಗ ತಳ ಹತ್ತುತ್ತದೆ. ನಾಲ್ಕೈದು ಸಲ ತೊಳೆದರೆ ಗಸಿಯೇ ಬರುವುದಿಲ್ಲ, ಗಸಿಯಿಲ್ಲದೆ ಪರಿಮಳವಿಲ್ಲ. ಎರಡೇ ಸರಿ.

ಅಂಗಡಿ ಬೆಣ್ಣೆ ತರುವವರು ಇಲ್ಲಿಂದ ಶುರು ಮಾಡಿ. ಉಪ್ಪಿಲ್ಲದ್ದನ್ನೇ ಕೇಳಿ. ಅದರಲ್ಲಿ ಜಿಡ್ಡು ಶೇ 80ರಿಂದ 82, ನೀರು ಶೇ 16ರ ಸುಮಾರು. ಒಂದು ಕಿಲೋಗೆ 760ರಿಂದ 800 ಗ್ರಾಂ ತುಪ್ಪ ಸಿಗಬೇಕು. ಮನೆ ಬೆಣ್ಣೆಯಲ್ಲಿ ನೀರು ಹೆಚ್ಚಿರುವುದರಿಂದ 700–750 ಬಂದರೂ ಮೋಸವೇನಿಲ್ಲ. ಒಂದು ಲೀಟರ್ ತುಪ್ಪ ತೂಗುವುದು ಸುಮಾರು 910 ಗ್ರಾಂ. ಲೀಟರನ್ನೂ ಕಿಲೋವನ್ನೂ ಒಂದೇ ಎಂದುಕೊಂಡು ಲೆಕ್ಕ ತಪ್ಪಿಸಿಕೊಳ್ಳುವವರು ಬಹಳ.

## ಹಂತ 4: ಕಾಸುವುದು

ಸಣ್ಣ ಉರಿ. ಪೂರ್ತಿ ಕೆಲಸಕ್ಕೆ 35ರಿಂದ 45 ನಿಮಿಷ ಹಿಡಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದವರ ತುಪ್ಪದಲ್ಲಿ ಒಂದೋ ನೀರು ಉಳಿದಿರುತ್ತದೆ, ಇಲ್ಲವೇ ಸೀದ ವಾಸನೆ ಇರುತ್ತದೆ.

ಬೆಣ್ಣೆ ಕರಗಿದ ಮೇಲೆ ದಪ್ಪ ಬಿಳಿ ನೊರೆ ಏರುತ್ತದೆ, ತೆಗೆದು ಬಿಸಾಡಬೇಡಿ. ಸೌಟಿನಿಂದ ತಳ ಮುಟ್ಟುವಂತೆ ಆಗಾಗ ತಿರುವಿ. ಥರ್ಮಾಮೀಟರ್ 97ರಿಂದ 103ರ ನಡುವೆ ಬಂದು ಅಲ್ಲೇ ಕೂತುಬಿಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಅಲುಗುವುದಿಲ್ಲ. ಬೆಣ್ಣೆಯ ನೀರೆಲ್ಲ ಆವಿಯಾಗುತ್ತಿರುವ ಹೊತ್ತದು, ಎಷ್ಟು ಉರಿ ಕೊಟ್ಟರೂ ಶಾಖವೆಲ್ಲ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ತಾಳ್ಮೆ ಕೆಟ್ಟು ಉರಿ ಏರಿಸುವವರು ಏರಿಸುವುದು ಇಲ್ಲೇ, ಉಕ್ಕಿಸುವುದೂ ಇಲ್ಲೇ.

ಈಗ ಕಿವಿ ಕೊಡಿ. ನೀರಿರುವಷ್ಟು ಹೊತ್ತು ಗುಳ್ಳೆ ದೊಡ್ಡದು, ಶಬ್ದ ಮಳೆ ಬಿದ್ದಂತೆ ಜೋರು. ನೀರು ಮುಗಿಯುತ್ತಾ ಬಂದಂತೆ ಶಬ್ದ ಕುಗ್ಗಿ ಸಣ್ಣ ಚಿಟಿಚಿಟಿ ಆಗುತ್ತದೆ, ಮೇಲಿನ ನೊರೆ ಹರಿದು ಕೆಳಗಿನ ತಿಳಿ ಹೊನ್ನಿನ ಬಣ್ಣ ಇಣುಕುತ್ತದೆ, ಬಿಳಿ ಕಣಗಳು ತಳ ಸೇರುತ್ತವೆ. ಇಲ್ಲಿಂದ ಮುಂದೆ ಎಲ್ಲವೂ ಓಟ. ತಾಪಮಾನ 105 ದಾಟಿದರೆ 115 ಮುಟ್ಟಲು ಕೆಲವೇ ನಿಮಿಷ ಸಾಕು. ಒಲೆ ಬಿಟ್ಟು ಕದಲಬೇಡಿ, ಫೋನ್ ಬಂದರೂ ಎತ್ತಬೇಡಿ.

108ರ ಹೊತ್ತಿಗೆ ಒರೆಸಿ ಒಣಗಿಸಿದ ಒಂದು ವೀಳ್ಯದೆಲೆ ಅಥವಾ ನಾಲ್ಕು ಎಸಳು ನುಗ್ಗೆಸೊಪ್ಪು ಹಾಕಬಹುದು. ಮೆಂತ್ಯವಾದರೆ ಕಿಲೋಗೆ ಐದಾರು ಕಾಳು, ಹೆಚ್ಚಾದರೆ ಕಹಿ. ಇವು ಘಮಕ್ಕೆ ಒಳ್ಳೆಯವು, ಎಲೆ ಗರಿಗರಿಯಾಗುವುದು ಹದದ ಗುರುತೂ ಹೌದು. ಹರಳಿಗೂ ಇವಕ್ಕೂ ಸಂಬಂಧವಿಲ್ಲ.

112ರ ಆಸುಪಾಸಿನಲ್ಲಿ ಎರಡನೇ ನೊರೆ ಬರುತ್ತದೆ. ಮೊದಲಿನದರಂತಲ್ಲ ಇದು, ಸೋಪಿನ ನೊರೆಯಷ್ಟು ಸಣ್ಣ ಗುಳ್ಳೆ, ಸದ್ದಿಲ್ಲದೆ ಸರಸರ ಏರುತ್ತದೆ. ತಳದ ಗಸಿ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. 115ಕ್ಕೆ ಒಲೆ ಆರಿಸಿ. ಪಾತ್ರೆಯ ಬಿಸಿಗೆ ಇನ್ನೂ ಮೂರ್ನಾಲ್ಕು ಡಿಗ್ರಿ ತಾನೇ ಏರುತ್ತದೆ, ಆ ಲೆಕ್ಕ ಹಿಡಿದೇ 115 ಎಂದದ್ದು. ದಕ್ಷಿಣದ ನಾಲಿಗೆಗೆ ಒಗ್ಗಿದ ಕಾಸಿದ ಪರಿಮಳ 115ರಿಂದ 120ರ ನಡುವಿನದು. 110ಕ್ಕೇ ಇಳಿಸಿದರೆ ತುಪ್ಪ ಸೌಮ್ಯ, ಬಣ್ಣ ತಿಳಿ. 125 ದಾಟಿದರೆ ಗಸಿ ಕಪ್ಪಾಗಿ ತುಪ್ಪಕ್ಕೇ ಕಹಿ ಇಳಿಯುತ್ತದೆ, ಅದನ್ನು ತೆಗೆಯುವ ಉಪಾಯವಿಲ್ಲ.

ನೀರು ಉಳಿದಿದೆಯೇ ಎಂಬ ಅನುಮಾನವಿದ್ದರೆ ಒಂದು ಚಮಚ ತುಪ್ಪವನ್ನು ಒಲೆಯಿಂದ ದೂರ ಒಯ್ದು, ತಣಿದ ಮೇಲೆ ಹತ್ತಿಬತ್ತಿ ಅದ್ದಿ ಹಚ್ಚಿ. ಚಟಪಟ ಎಂದರೆ ನೀರಿದೆ, ಮತ್ತೆ ಐದು ನಿಮಿಷ ಸಣ್ಣ ಉರಿಗಿಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಾನದಂಡದಲ್ಲಿ ತುಪ್ಪದ ತೇವಾಂಶ ಶೇ 0.5 ಮೀರುವಂತಿಲ್ಲ. ಮೀರಿದರೆ ತಿಂಗಳೊಳಗೇ ಹುಳಿ ವಾಸನೆ ಶುರುವಾಗುತ್ತದೆ.

ಎಚ್ಚರಿಕೆ: ಹದ ನೋಡಲು ಬಿಸಿ ತುಪ್ಪಕ್ಕೆ ನೀರು ಚಿಮುಕಿಸಬೇಡಿ, ಆ ಹನಿ ತಳದಲ್ಲಿ ಆವಿಯಾಗಿ ಸಿಡಿಯುವಾಗ ತುಪ್ಪವನ್ನೂ ಹೊತ್ತು ಮುಖಕ್ಕೆ ಬರುತ್ತದೆ. ತುಪ್ಪಕ್ಕೆ ಬೆಂಕಿ ಹಿಡಿದರೆ ಗ್ಯಾಸ್ ಆರಿಸಿ ತಟ್ಟೆ ಮುಚ್ಚಿ. ನೀರು ಹಾಕಲೇಬೇಡಿ.

## ಹಂತ 5: ತಿಳಿಯಾಗಲು ಬಿಡುವುದು, ಸೋಸುವುದು

ಪಾತ್ರೆಯನ್ನು ಅರ್ಧ ಗಂಟೆ ಅಲುಗಿಸದೆ ಬಿಡಿ, ಗಸಿ ತಳದಲ್ಲಿ ಕೂರುತ್ತದೆ. 65ರಿಂದ 70 ಡಿಗ್ರಿಗೆ ಇಳಿದಾಗ ಜಾಲರಿಯ ಮೇಲೆ ಬಟ್ಟೆ ಹಾಸಿ ಸೋಸಿ. ಇದಕ್ಕಿಂತ ಬಿಸಿಯಿದ್ದರೆ ಗಾಜು ಒಡೆಯುತ್ತದೆ. 45ಕ್ಕಿಂತ ತಣ್ಣಗಾಗಲು ಬಿಟ್ಟರೆ ಪಾತ್ರೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಕಣಗಳು ಹುಟ್ಟಿ ಭರಣಿಗೆ ಬೀಳುತ್ತವೆ, ಮುಂದಿನ ಹಂತ ಅಲ್ಲೇ ಹಾಳು.

ಭರಣಿ ಒಣಗಿರಬೇಕು, ಸ್ವಲ್ಪ ಬೆಚ್ಚಗೂ ಇರಬೇಕು. ತಣ್ಣನೆ ಗಾಜಿಗೆ ತಾಗಿದ ತುಪ್ಪ ಗೋಡೆಗೆ ಅಂಟಿ ಪೊರೆಯಾಗುತ್ತದೆ. ಗಸಿಯನ್ನು ಚಪಾತಿ ಹಿಟ್ಟಿಗೆ ಕಲಸಿ, ಅಥವಾ ಬೆಲ್ಲದ ಪುಡಿ ಬೆರೆಸಿ ಮಕ್ಕಳ ಕೈಗೆ ಕೊಡಿ. ಮಾರನೇ ದಿನಕ್ಕೆ ಉಳಿಯುವುದಿಲ್ಲ.

## ಹಂತ 6: ಹರಳುಗಟ್ಟಿಸುವುದು

ನಿಯಮ ಮೂರು: ಪೂರ್ತಿ ಕರಗಿದ ತುಪ್ಪದಿಂದ ಶುರು ಮಾಡಬೇಕು, ನಿಧಾನ ತಣಿಸಬೇಕು, 28 ಡಿಗ್ರಿಯ ಹತ್ತಿರ ತಂದು ಅಲುಗಿಸದೆ ನಿಲ್ಲಿಸಬೇಕು. ಡೇರಿಗಳಲ್ಲಿ ತುಂಬಿದ ಡಬ್ಬಿಗಳನ್ನು ಹದವಾದ ಬಿಸಿಯ ಕೋಣೆಯಲ್ಲಿ ದಿನಗಟ್ಟಲೆ ಸುಮ್ಮನೆ ಇಡುವುದು ಇದಕ್ಕೇ.

ನಿಧಾನ ತಣಿಸುವುದು. ಭರಣಿ 60 ಡಿಗ್ರಿಯಿಂದ 32ಕ್ಕೆ ಇಳಿಯಲು ಕನಿಷ್ಠ ಆರೆಂಟು ಗಂಟೆ ಹಿಡಿಯಬೇಕು. ಬರೀ ಕಲ್ಲುಕಟ್ಟೆಯ ಮೇಲಿಟ್ಟರೆ ಎರಡು ಮೂರು ಗಂಟೆಯಲ್ಲಿ ಇಳಿದುಬಿಡುತ್ತದೆ, ಗ್ರಾನೈಟ್ ಶಾಖ ಹೀರಿಕೊಳ್ಳುತ್ತದೆ. ಭರಣಿಗೆ ದಪ್ಪ ಟವೆಲ್ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು ಮುಚ್ಚಿ. ಅಕ್ಕಿ ಡಬ್ಬವಾದರೆ ಮುಚ್ಚಳ ಬಿಗಿದು ಕುತ್ತಿಗೆಯವರೆಗೆ ಅಕ್ಕಿಯಲ್ಲಿ ಹೂತಿಡಿ. 200 ಗ್ರಾಂನ ನಾಲ್ಕು ಬಾಟಲಿಗಿಂತ ಒಂದೇ ದೊಡ್ಡ ಭರಣಿ ಮೇಲು. ಪ್ರಮಾಣ ಹೆಚ್ಚಿದಷ್ಟೂ ತಣಿಯುವುದು ನಿಧಾನ.

ಬೀಜ ಹಾಕುವುದು. ಕಡ್ಡಾಯವಲ್ಲ, ಆದರೆ ಹಸುವಿನ ತುಪ್ಪ ಮಾಡುವವರು ಬಿಡಬೇಡಿ. ತುಪ್ಪ 32 ಡಿಗ್ರಿಗೆ ಬಂದಾಗ ಅರ್ಧ ಕಿಲೋಗೆ ಒಂದು ಟೀಚಮಚ, ಅಂದರೆ ಶೇ 1ರಷ್ಟು, ಹಳೆಯ ಒಳ್ಳೆಯ ಹರಳು ತುಪ್ಪ ಹಾಕಿ. ಒಣ ಚಮಚದಲ್ಲಿ ಎರಡೇ ಸುತ್ತು ತಿರುವಿ, ಮುಚ್ಚಿ. 36ರ ಮೇಲಿದ್ದಾಗ ಹಾಕಿದರೆ ಬೀಜವೇ ಕರಗಿಹೋಗುತ್ತದೆ. 26ಕ್ಕಿಂತ ಕೆಳಗೆ ಹಾಕಿದರೆ ಆಗಲೇ ಕಣ ತುಂಬಿರುತ್ತದೆ, ಹಾಕಿಯೂ ದಂಡ.

ನಿಲ್ಲಿಸುವುದು. ಹಸುವಿನದಾದರೆ 27–28, ಎಮ್ಮೆಯದಾದರೆ 29–30 ಡಿಗ್ರಿಯಲ್ಲಿ 24ರಿಂದ 48 ಗಂಟೆ. ಇದನ್ನು ಸಾಧಿಸುವ ಉಪಾಯ ಊರಿಗೊಂದು.

ಡಿಸೆಂಬರಿನ ಬೆಂಗಳೂರು, ಮೈಸೂರು, ಮಡಿಕೇರಿಗಳಲ್ಲಿ ರಾತ್ರಿಯ ಚಳಿಯೇ ವೈರಿ. ಪೆಟ್ಟಿಗೆಯೊಳಗೆ ಭರಣಿಯ ಪಕ್ಕ 35 ಡಿಗ್ರಿಯ ಎರಡು ಲೀಟರ್ ನೀರಿನ ಬಾಟಲಿ ನಿಲ್ಲಿಸಿ, ಎಂಟು ಗಂಟೆಗೊಮ್ಮೆ ನೀರು ಬದಲಿಸಿ. ಕರಾವಳಿಯಲ್ಲಿ ಮಳೆಗಾಲ ಮತ್ತು ಚಳಿಗಾಲದ ಕೋಣೆಯ ಬಿಸಿಯೇ ಹೆಚ್ಚುಕಡಿಮೆ ಸರಿಹೊಂದುತ್ತದೆ, ಏನೂ ಮಾಡದೆ ಹರಳು ಬರುತ್ತದೆ. ಅಲ್ಲಿನವರು ತಮ್ಮ ಕೈಗುಣ ಎನ್ನುತ್ತಾರೆ, ಇರಲಿ. ಏಪ್ರಿಲ್‌ನಲ್ಲಿ ಕಲಬುರಗಿ, ಬಳ್ಳಾರಿ ಕಡೆ ತುಪ್ಪ ಗಟ್ಟಿಯಾಗುವುದೇ ಇಲ್ಲ. ಮಣ್ಣಿನ ಗಡಿಗೆಯ ತಣ್ಣೀರಿನೊಳಗೆ ಭರಣಿ ನಿಲ್ಲಿಸಿ, ಇಲ್ಲವೇ ಎಸಿ 27ಕ್ಕಿಟ್ಟ ಕೋಣೆಯಲ್ಲಿಡಿ. ಚಳಿ ದೇಶದಲ್ಲಿರುವವರ ಮನೆ 20 ಡಿಗ್ರಿಯಲ್ಲಿರುತ್ತದೆ, ಅದು ಸಾಲದು. ಒಳಗಿನ ಬಲ್ಬು ಮಾತ್ರ ಹೊತ್ತಿಸಿದ ಅವನ್ ಕೆಲಸಕ್ಕೆ ಬರುತ್ತದೆ, ಆದರೆ ಮೊದಲು ಒಂದು ಲೋಟ ನೀರಿಟ್ಟು ಎಷ್ಟು ಬಿಸಿಯಾಗುತ್ತದೆಂದು ಅಳೆಯಿರಿ. ಮೊಸರು ಮಾಡುವ ಯಂತ್ರ 40ರ ಮೇಲಿರುತ್ತದೆ, ಬೇಡ.

ಸರಿಯಾಗಿ ನಡೆಯುತ್ತಿದ್ದರೆ ಕಾಣುವುದು ಹೀಗೆ. ಆರೇಳು ಗಂಟೆಗೆ ತಳದಲ್ಲಿ ಮಂಜು ಕವಿದಂತೆ ಮಬ್ಬು. ಹನ್ನೆರಡು ಗಂಟೆಗೆ ಬೆಳಕಿಗೆ ಹಿಡಿದರೆ ಬಿಡಿ ಬಿಡಿ ಬಿಳಿ ಚುಕ್ಕೆ, ಚುಕ್ಕೆಗಳ ನಡುವೆ ತಿಳಿ ಎಣ್ಣೆ. ಒಂದು ದಿನಕ್ಕೆ ಕಾಳುಗಳು ಒಂದರ ಮೇಲೊಂದು ಕೂತಿರುತ್ತವೆ, ಮೇಲೆ ಎರಡು ಮೂರು ಬೆರಳು ಎಣ್ಣೆ ನಿಂತಿರುತ್ತದೆ. ಆ ಎಣ್ಣೆ ಕಲಬೆರಕೆಯಲ್ಲ, ತುಪ್ಪದ್ದೇ ಬೇಗ ಕರಗುವ ಭಾಗ. ನೋಡುವಾಗ ಭರಣಿ ಎತ್ತಬೇಡಿ, ಇದ್ದಲ್ಲೇ ಟಾರ್ಚ್ ಹಿಡಿಯಿರಿ. ಕುಲುಕಿದರೆ ಬೆಳೆಯುತ್ತಿರುವ ಕಾಳು ಒಡೆದು ಒಂದೊಂದು ಚೂರೂ ಹೊಸ ಬೀಜವಾಗುತ್ತದೆ.

ಇದಕ್ಕೆ ಬದಲು ಮೂರು ಗಂಟೆಯೊಳಗೇ ಭರಣಿ ಪೂರ್ತಿ ಒಂದೇ ಸಮನೆ ಹಾಲಿನಂತೆ ಬೆಳ್ಳಗಾದರೆ ವೇಗ ಹೆಚ್ಚಾಗಿದೆ. ಕಾಯುವುದು ವ್ಯರ್ಥ, ಮತ್ತೆ ಕರಗಿಸಿ.

## ಹಂತ 7: ಎತ್ತಿಡುವುದು

ಹರಳಾದ ಮೇಲೆ ಭರಣಿಯನ್ನು ಕತ್ತಲೆಯ, ತಂಪಾದ ಕಪಾಟಿಗೆ ಸೇರಿಸಿ. ಒಲೆಯ ಪಕ್ಕದ ಶೆಲ್ಫ್ ಬೇಡ. ದಿನಾ ಅಡುಗೆಯ ಕಾವಿಗೆ ಅರ್ಧ ಕರಗಿ, ರಾತ್ರಿ ಗಡಿಬಿಡಿಯಲ್ಲಿ ಗಟ್ಟಿಯಾಗಿ, ವಾರದೊಳಗೆ ದಪ್ಪ ಕಾಳು ಮಾಯವಾಗುತ್ತದೆ. ಸಣ್ಣ ಡಬ್ಬಿಗೆ ತುಂಬುವುದಿದ್ದರೆ ಚಮಚದಿಂದ ಕಾಳು ಎಣ್ಣೆ ಎರಡೂ ಸೇರುವಂತೆ ತೆಗೆಯಿರಿ, ಕರಗಿಸಿ ಸುರಿಯಬೇಡಿ. ಹರಳು ಪೂರ್ತಿಯಾದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಕಾಳಿಗೆ ಧಕ್ಕೆಯಿಲ್ಲ, ನಡುವಿನ ಎಣ್ಣೆ ಗಟ್ಟಿಯಾಗಿ ಚಮಚಕ್ಕೆ ಬಗ್ಗುವುದಿಲ್ಲ, ಅಷ್ಟೇ ತೊಂದರೆ. ಚಮಚ ಒಣಗಿರಲಿ.

## ಕೈಕೊಟ್ಟರೆ: ಲಕ್ಷಣ ನೋಡಿ ಕಾರಣ ಹಿಡಿಯುವುದು

ನುಣ್ಣಗೆ ಮೇಣದಂತಾಗಿದೆ. ಬೇಗ ತಣಿದಿದೆ, ಬಹಳ ಸಲ ಫ್ರಿಜ್ಜಿನದೇ ಕೈವಾಡ. ಪರಿಹಾರ ಸುಲಭ: 70 ಡಿಗ್ರಿಗೆ ಕಾಯಿಸಿ ಹತ್ತು ನಿಮಿಷ ಹಾಗೇ ಇಟ್ಟು ಆರನೇ ಹಂತದಿಂದ ಶುರು ಮಾಡಿ. 45ಕ್ಕೆ ಕಾಯಿಸಿ ಕರಗಿತೆಂದು ನಿಲ್ಲಿಸಬೇಡಿ. ಕಣ್ಣಿಗೆ ತಿಳಿಯಾಗಿ ಕಂಡರೂ ಗೋಡೆಗಂಟಿದ ಹಳೆಯ ಕಣಗಳ ಚೂರು ಉಳಿದಿರುತ್ತದೆ, ತಣಿಯುವಾಗ ಅವೇ ಸಾವಿರ ಬೀಜಗಳಾಗಿ ಮತ್ತೆ ಅದೇ ನುಣುಪು ಬರುತ್ತದೆ. ಎರಡನೇ ಸಲವೂ ಸೋತೆ ಎನ್ನುವವರು ಬಹುತೇಕ ಈ ತಪ್ಪು ಮಾಡಿದವರು.

ಎರಡು ದಿನವಾದರೂ ಎಣ್ಣೆಯಾಗಿಯೇ ಇದೆ. ಕೋಣೆ 31ರ ಮೇಲಿದೆ, ಅಥವಾ ಹಸುವಿನ ತುಪ್ಪಕ್ಕೆ ಬೀಜ ಹಾಕಿಲ್ಲ. ಎರಡು ಡಿಗ್ರಿ ಇಳಿಸಿ, ಬೀಜ ಹಾಕಿ. ಅವಸರಕ್ಕೆ ಫ್ರಿಜ್ಜಿಗೆ ತಳ್ಳಬೇಡಿ.

ಹರಳು ತಳದಲ್ಲಿ ಮಾತ್ರ, ಎಣ್ಣೆಯೇ ಜಾಸ್ತಿ. ಹಸುವಿನ ತುಪ್ಪದಲ್ಲಿ ಇದು ಸಹಜ. ಹರಳು ಗಟ್ಟಿಯಾಗಿ ನಿಂತ ಮೇಲೆ 22–24 ಡಿಗ್ರಿಯ ಕಡೆ ಸರಿಸಿದರೆ ಇನ್ನಷ್ಟು ಜಿಡ್ಡು ಅದೇ ಕಾಳುಗಳ ಮೇಲೆ ಕೂರುತ್ತದೆ.

ತುಪ್ಪಕ್ಕೆ ತಿಳಿ ಹಸಿರು ಛಾಯೆ. ಎಮ್ಮೆಯದಾದರೆ ಗಾಬರಿ ಬೇಡ. ಎಮ್ಮೆ ತಾನು ತಿಂದ ಹಸಿರು ಮೇವಿನ ಕ್ಯಾರೋಟಿನನ್ನು ಹೆಚ್ಚುಕಡಿಮೆ ಪೂರ್ತಿ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ, ಅದಕ್ಕೆ ಅದರ ತುಪ್ಪದಲ್ಲಿ ಹಳದಿಯಿಲ್ಲ, ಬಿಳಿಯ ನಡುವೆ ತಿಳಿ ಹಸಿರು ಎದ್ದು ಕಾಣುತ್ತದೆ. ಹಸುವಿನಲ್ಲಿ ಕ್ಯಾರೋಟಿನ್ ಹಾಗೇ ಜಿಡ್ಡಿಗಿಳಿಯುವುದರಿಂದ ಹಳದಿ, ಮಳೆಗಾಲದ ಹಸಿ ಮೇವಿನಲ್ಲಿ ಇನ್ನೂ ಗಾಢ. ಒಣ ಹುಲ್ಲಿನ ಕಾಲದಲ್ಲಿ ಅದೇ ಹಸುವಿನ ತುಪ್ಪ ಕೆನೆ ಬಣ್ಣಕ್ಕೆ ಇಳಿಯುತ್ತದೆ.

ಕಾಳಿನ ಜೊತೆ ಕಪ್ಪು ಚೂರು. ಬಟ್ಟೆಯಿಲ್ಲದೆ ಸೋಸಿದ ಫಲ. ಕರಗಿಸಿ ಮತ್ತೆ ಸೋಸಿ.

ವಾರಗಳಲ್ಲೇ ಹುಳಿ ಅಥವಾ ಸಾಬೂನಿನ ವಾಸನೆ. ನೀರು ಉಳಿದಿತ್ತು, ಇಲ್ಲವೇ ಕೆನೆಯೇ ಹಳತಾಗಿತ್ತು. ಮತ್ತೆ ಕಾಸಿದರೆ ವಾಸನೆ ಸ್ವಲ್ಪ ಕುಗ್ಗಬಹುದು, ಹೋಗುವುದಿಲ್ಲ. ದೀಪಕ್ಕೆ ಬಳಸಿ.

ಹರಳು ಕಂಡರೆ ಶುದ್ಧ, ಕಾಣದಿದ್ದರೆ ಕಲಬೆರಕೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದನ್ನು ನಂಬಿ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ವನಸ್ಪತಿಗೂ, ಅಂದರೆ ಗಟ್ಟಿಯಾಗಿಸಿದ ಸಸ್ಯದೆಣ್ಣೆಗೂ, ಕಾಳು ಕಟ್ಟಿಸಬಹುದು, ಅಪ್ಪಟ ತುಪ್ಪವನ್ನೂ ಒಂದೇ ರಾತ್ರಿಯ ಫ್ರಿಜ್ಜಿನಲ್ಲಿ ನುಣ್ಣಗೆ ಮಾಡಬಹುದು. ಅಂಗೈಯಲ್ಲಿ ಕರಗುವ ಪರೀಕ್ಷೆಯೂ ಅಷ್ಟೇ. ಮೈಯ ಬಿಸಿಗೆ ಕರಗುವ ಜಿಡ್ಡು ಬೇರೆ ಬೇಕಾದಷ್ಟಿವೆ. ವನಸ್ಪತಿಗೆ ಎಳ್ಳೆಣ್ಣೆ ಸೇರಿಸಲೇಬೇಕೆಂಬ ನಿಯಮ ಮಾಡಿದ್ದೇ ಅದನ್ನು ತುಪ್ಪಕ್ಕೆ ಬೆರೆಸಿದರೆ ಲ್ಯಾಬಿನಲ್ಲಿ ಕೆಂಪು ಬಣ್ಣ ಬಂದು ಸಿಕ್ಕಿಬೀಳಲಿ ಎಂದು. ಅನುಮಾನವಿದ್ದರೆ ಮಾದರಿಯನ್ನು ಲ್ಯಾಬಿಗೆ ಕೊಡಿ.